ಅಪ್‌ಡೇಟ್: ನೋಂದಣಿಗೆ ಮುನ್ನ ಮನೆಯ ಕೊನೆಯ ಪರಿಶೀಲನೆ

ಮೈಸೂರಿನ ಕುವೆಂಪುನಗರದಲ್ಲಿ ಕೊಳ್ಳಲಿರುವ ಮನೆಯನ್ನು ನೋಂದಣಿಗೆ ಮುನ್ನ ಮತ್ತೊಮ್ಮೆ ನೋಡಬೇಕೇ ಎಂದು ಕೇಳಿದ್ದೆ. ಸಾಮಾನು ಖಾಲಿಯಾದ ಮೇಲೆ, ಹಗಲಿನಲ್ಲೇ ನೋಡಿ ಎಂಬ ಸಲಹೆಯಂತೆ ಹೋಗಿಬಂದೆವು. ಬೀರು ಮರೆಮಾಡಿದ್ದ, ಸ್ನಾನದ ಮನೆಗೆ ಹೊಂದಿಕೊಂಡ ಗೋಡೆಯಲ್ಲಿ ಬಣ್ಣ ಉಬ್ಬಿ ತೇವ ಕಾಣಿಸಿತು. ಓವರ್‌ಹೆಡ್ ಟ್ಯಾಂಕಿನಲ್ಲಿ ನೀರಿನ ಮಟ್ಟವನ್ನು ಗುರುತು ಹಾಕಿ, ಎಲ್ಲ ನಲ್ಲಿಗಳನ್ನೂ ಮುಚ್ಚಿ ಕಾದು ನೋಡಿದಾಗ ಮಟ್ಟ ಇಳಿದಿದ್ದರಿಂದ, ಒಳಗಿನ ಪೈಪು ಸೋರುತ್ತಿದೆಯೆಂಬ ಅನುಮಾನ ಬಲವಾಯಿತು. ಮಾರುವವರು ತಕರಾರಿಲ್ಲದೆ ದುರಸ್ತಿಗೆ ಒಪ್ಪಿದರಾದರೂ, ಬಾಯಿಮಾತು ಸಾಲದೆಂದು ನಮ್ಮ ವಕೀಲರು ಅದನ್ನು ಬರವಣಿಗೆಯಲ್ಲಿ ಪಡೆದು, ಕೆಲಸ ಮುಗಿಯುವವರೆಗೆ ನೋಂದಣಿಯನ್ನು ಮುಂದೂಡಿಸಿದ್ದಾರೆ. ಕರಾರಿನಲ್ಲಿ ನಮೂದಾಗಿದ್ದ ಸೋಲಾರ್ ಹೀಟರ್ ತಾರಸಿಯಿಂದ ಮಾಯವಾಗಿತ್ತು (ಕೇಳಿದಾಗ ಮಾರುವವರು ನಕ್ಕರು!), ಅದೂ ಆ ಪತ್ರಕ್ಕೆ ಸೇರಿದೆ. ವಿದ್ಯುತ್ ಬಿಲ್ಲಿನಲ್ಲಿ ಬಾಕಿಯಿಲ್ಲ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಹೊಸದಾಗಿ ತೆಗೆಸಿದ ಋಣಭಾರ ಪತ್ರವೂ (ಆಸ್ತಿಯ ಮೇಲೆ ನೋಂದಾಯಿತ ಸಾಲ, ವ್ಯವಹಾರಗಳಿವೆಯೇ ಎಂದು ತೋರಿಸುವ ದಾಖಲೆ) ಸರಿಯಿದೆ.