ಪೈ ದಿನ: ಮಾರ್ಚ್ 14ಕ್ಕೋ, ಜುಲೈ 22ಕ್ಕೋ?

ಪ್ರಶ್ನೆ: ಹೈಸ್ಕೂಲಿನಲ್ಲಿ ಮಾರ್ಚ್ 14ಕ್ಕೆ ಪೈ (ವೃತ್ತದ ಸುತ್ತಳತೆ ÷ ವ್ಯಾಸ, ಸುಮಾರು 3.14) ದಿನ ಮಾಡಬೇಕು. ನಾವು ಬರೆಯುವುದು 14/3. ಅದರಲ್ಲಿ 3.14 ಎಲ್ಲಿದೆ ಅಂತ ಮಕ್ಕಳು ಕೇಳಿದರೆ? ಚಟುವಟಿಕೆಯೂ ಒಂದು ಹೇಳಿ.

ಉತ್ತರ 1: 3/14 ಅನ್ನುವುದು ಅಮೆರಿಕದ ತಿಂಗಳು/ದಿನ ಕ್ರಮ. ಪೈ ದಿನವನ್ನು 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಭೌತವಿಜ್ಞಾನಿ ಲ್ಯಾರಿ ಶಾ ಶುರುಮಾಡಿದ್ದು. ನಮ್ಮ ಕ್ರಮದಲ್ಲಿ 3/14ಕ್ಕೆ ಹದಿನಾಲ್ಕನೇ ತಿಂಗಳು ಬೇಕು! 31/4 ಅನ್ನೋಣವೆಂದರೆ ಏಪ್ರಿಲ್‌ಗೆ ಮೂವತ್ತೇ ದಿನ. ಹಾಗಾಗಿ ಪೈಗೆ ಹತ್ತಿರದ ಭಿನ್ನರಾಶಿ 22/7, ಅಂದರೆ ಜುಲೈ 22. ಲೆಕ್ಕದಲ್ಲೂ ಅದೇ ಮೇಲು: ನಿಜವಾದ ಪೈಗಿಂತ 3.14 ಸುಮಾರು 0.00159 ಕಡಿಮೆ, 22/7 ಸುಮಾರು 0.00126 ಹೆಚ್ಚು.

ಉತ್ತರ 2: ಮಾರ್ಚ್ 14 ಬಿಡಬೇಡಿ. 2019ರಲ್ಲಿ ಯುನೆಸ್ಕೋ ಅದನ್ನೇ ಅಂತರರಾಷ್ಟ್ರೀಯ ಗಣಿತ ದಿನ ಎಂದು ಘೋಷಿಸಿದೆ. ಪರೀಕ್ಷೆ ಹತ್ತಿರವಿದ್ದರೆ ಮಾತ್ರ ಜುಲೈ.

ಚಟುವಟಿಕೆಗೆ ಊಟದ ತಟ್ಟೆಯ ಸುತ್ತಳತೆಯನ್ನು ವ್ಯಾಸದಿಂದ ಭಾಗಿಸಲು ಹೇಳಿ. ದಾರ ಹಿಗ್ಗುತ್ತದೆ, ಕಾಗದದ ಪಟ್ಟಿ ಸುತ್ತಿ. ಸ್ಕೇಲು ಕೇಂದ್ರ ತಪ್ಪಿದರೆ ವ್ಯಾಸ ಕಡಿಮೆಯಾಗಿ ಪೈ ಉಬ್ಬುತ್ತದೆ. ಸ್ಕೇಲನ್ನು ಅತ್ತಿತ್ತ ಸರಿಸಿ ಸಿಕ್ಕ ಅತಿ ದೊಡ್ಡ ಅಳತೆಯೇ ವ್ಯಾಸ. 28 ಸೆಂ.ಮೀ. ತಟ್ಟೆಯಲ್ಲಿ 2 ಮಿ.ಮೀ. ಕಡಿಮೆ ಅಳೆದರೆ 3.16 ಬರುತ್ತದೆ, 5 ಸೆಂ.ಮೀ. ಮುಚ್ಚಳದಲ್ಲಾದರೆ 3.27. ದೊಡ್ಡ ತಟ್ಟೆಯೇ ಇರಲಿ.

ಉತ್ತರ 3: ಹೆಸರು ನೋಂದಣಿಯ ಎಕ್ಸೆಲ್ ಹಾಳೆಯ ಬಗ್ಗೆ ಒಂದು ಮಾತು. ಭಾರತದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ಅಮೆರಿಕ ಕ್ರಮದ 03/14/2025 ಬರೀ ಪಠ್ಯವಾಗಿ ಎಡಕ್ಕೆ ಕೂರುತ್ತದೆ, ಕಣ್ಣಿಗೆ ಬೀಳುತ್ತದೆ. 03/04/2025 ಮಾತ್ರ ಸದ್ದಿಲ್ಲದೆ ಏಪ್ರಿಲ್ 3 ಆಗುತ್ತದೆ, ಅಪಾಯ ಅದೇ. 2025-03-14 ಎಂದೇ ಬರೆಸಿ. ಕಡತದ ಹೆಸರಿನಲ್ಲಿಟ್ಟರೂ ಕಾಲಕ್ರಮ ತಪ್ಪುವುದಿಲ್ಲ.