ಸಹಾಯ ಬೇಕು: ಮಾರುತಿ 800 ಹೆಡ್ ಗ್ಯಾಸ್ಕೆಟ್ ಮನೆಯಲ್ಲೇ ಬದಲಿಸಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರ್ಬ್ಯುರೇಟರ್ ಇರುವ ಹಳೆಯ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್. ಆಗುಂಬೆ ಘಾಟಿ ಹತ್ತುವಾಗ ರೇಡಿಯೇಟರ್ ಹೋಸ್ ಒಡೆದು ಇಂಜಿನ್ ವಿಪರೀತ ಕಾಯಿತು. ಹೋಸ್ ಹೊಸದು ಹಾಕಿದ್ದಾಯಿತು. ಆದರೆ ಈಗ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ, ರೇಡಿಯೇಟರ್ ನೀರಿನಲ್ಲಿ ಗುಳ್ಳೆ, ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯಂಥ ಜಿಡ್ಡು. ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹೋಗಿದೆ ಅಲ್ವಾ?

ಮೆಕ್ಯಾನಿಕ್ ಕೆಲಸ ನನ್ನ ಕಸುಬಲ್ಲ. ಬೈಕಿನ ಕ್ಲಚ್ ಪ್ಲೇಟ್‌ವರೆಗೆ ಕೈ ಹಾಕಿದ್ದೇನೆ, ಅಷ್ಟೇ. ಆದರೂ ಹೆಡ್ ನಾನೇ ಬಿಚ್ಚಬೇಕು ಅಂತ ಆಸೆ. (ಮನೆಯಲ್ಲಿ ಇನ್ನೂ ಹೇಳಿಲ್ಲ!) ಟೈಮಿಂಗ್ ಬೆಲ್ಟ್ ಹೇಗೂ ಕಳಚಲೇಬೇಕು, ಅದನ್ನೂ ಹೊಸದೇ ಹಾಕುತ್ತೇನೆ.

ಗೊತ್ತಿರುವವರು ಹೇಳಿ. ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿದೆಯಾ ಎಂದು ಸ್ಟೀಲ್ ಪಟ್ಟಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು) ಇಟ್ಟು ನಾನೇ ನೋಡಿದರೆ ಸಾಕಾ? ಅಥವಾ ಲೇತ್ ಅಂಗಡಿಯಲ್ಲಿ ಫೇಸಿಂಗ್ (ಹೆಡ್‌ನ ಮೈ ಸಮತಟ್ಟು ಮಾಡುವುದು) ಮಾಡಿಸಲೇಬೇಕಾ? ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಬಿಗಿಯಬೇಕೆಂದು ಗೊತ್ತು. ಟಾರ್ಕ್ (ಬಿಗಿಯುವ ಬಲದ ಅಳತೆ) ಎಷ್ಟು ಎಂಬುದೇ ಬೇಕು. ಅಂದಾಜಿನ ಲೆಕ್ಕ ಬೇಡ, ಸರ್ವಿಸ್ ಮ್ಯಾನುಯಲ್‌ನ ಆ ಪುಟದ ಫೋಟೋ ಇದ್ದರೆ ಹಾಕಿ. ಶಿವಮೊಗ್ಗದಲ್ಲಿ ಯಾರಾದರೂ ಟಾರ್ಕ್ ರೆಂಚ್ ಎರಡು ದಿನಕ್ಕೆ ಕೊಟ್ಟರೆ ದೊಡ್ಡ ಉಪಕಾರ. ಬಾಡಿಗೆ ಕೊಡುತ್ತೇನೆ.