ಅಪ್‌ಡೇಟ್: ಮಾರ್ಲಿನ್ 336 ಸಿಗಲಿಲ್ಲ, ಅದರ ತಮ್ಮ ಸಿಕ್ಕಿದ

ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಗೆ ಹಳೆಯ ಮಾರ್ಲಿನ್ 336 ಲಿವರ್ ರೈಫಲ್ (ಕೈಯಿಂದ ಸನ್ನೆ ಎಳೆದು ಗುಂಡು ತುಂಬುವ ಬಂದೂಕು) ಕೈಗೆಟಕುವ ಬೆಲೆಗೆ ಸಿಗುತ್ತದೆಯೇ ಎಂದು ಕೇಳಿದ್ದೆನಲ್ಲ, ಕೆಲಸವಾಯಿತು. ರೂಗರ್ ಕಂಪನಿ ಮಾರ್ಲಿನ್ ಕೊಂಡು ಹೊಸದನ್ನು ತಯಾರಿಸುತ್ತಿದೆ, ಹಳೆಯದರ ಬೆಲೆ ಇಳಿಯುತ್ತದೆ, ಕಾಯಿರಿ ಎಂದು ನಿಮ್ಮಲ್ಲಿ ಕೆಲವರು ಹೇಳಿದಿರಿ, ಆದರೆ ಬೆಲೆ ಇಳಿಯಲಿಲ್ಲ. ನಳಿಗೆಯ ಮೇಲೆ ‘ಜೆಎಂ’ ಮುದ್ರೆ (ಹಳೆಯ ಮಾರ್ಲಿನ್ ಕಾರ್ಖಾನೆಯ ಗುರುತು) ಇದ್ದರಂತೂ ಚೌಕಾಸಿಯ ಮಾತೇ ಇಲ್ಲ. ಗಿರವಿ ಅಂಗಡಿಯಲ್ಲಿ ಕಂಡ ಒಂದು, ಊಟ ಮುಗಿಸಿ ಬರುವಷ್ಟರಲ್ಲಿ ಬೇರೆಯವರ ಪಾಲಾಗಿತ್ತು.

ಗ್ಲೆನ್‌ಫೀಲ್ಡ್ 30ಎ ನೋಡಿ ಎಂದವರಿಗೆ ದೊಡ್ಡ ನಮಸ್ಕಾರ, ಕೊನೆಗೆ ಅದನ್ನೇ ಕೊಂಡೆ. ಮಾರ್ಲಿನ್‌ನವರದೇ ಅಗ್ಗದ ಸರಣಿ. ಒಳಗಿನ ಯಂತ್ರ 336ರದೇ, ಹಿಡಿ ಮಾತ್ರ ವಾಲ್‌ನಟ್ ಬದಲು ಬರ್ಚ್ ಮರದ್ದು. ಜಿಂಕೆ ಮರದ ಜಾತಿ ಕೇಳುವುದಿಲ್ಲ ಬಿಡಿ.

ಅಂಗಡಿಯವರು ಹೇಳಿಕೊಟ್ಟದ್ದು ಇನ್ನೊಂದಿದೆ: 1973ರ ನಂತರದ, ರೂಗರ್‌ಗಿಂತ ಮುಂಚಿನ ಮಾರ್ಲಿನ್‌ಗಳಲ್ಲಿ ಸೀರಿಯಲ್ ಸಂಖ್ಯೆಯ ಮೊದಲೆರಡು ಅಂಕಿಗಳನ್ನು ನೂರರಿಂದ ಕಳೆದರೆ ತಯಾರಾದ ವರ್ಷದ ಕೊನೆಯೆರಡು ಅಂಕಿ ಸಿಗುತ್ತವೆ. ನನ್ನದು 24, ಅಂದರೆ 1976.